ಅಳಿಯನ ಬಾಣಂತನ

ಕುಪ್ಪೇಲೂರಿನ ಆ ಕೋಣೆಯಲ್ಲಿ ಈಗ ಬೀಜದ ಚೀಲ ಒಟ್ಟಿದ್ದಾರೆ. ಹೋದ ತಿಂಗಳು ಹೆಂಡತಿಯ ತವರಿಗೆ ಹೋದಾಗ, ಮಾವನಿಗೆ ಬೆನ್ನು ಹಿಡಿದುಕೊಂಡಿದೆಯೆಂದು ಒಂದು ಚೀಲ ಹೊರಗೆ ಎಳೆದುಕೊಡಲು ಒಳಗೆ ಹೋದೆ. ಬಾಗಿಲು ತೆಗೆದ ಕೂಡಲೇ ಗಾಳಿಯಾಡದ ಮಣ್ಣಿನ ಗೋಡೆಯ ಆ ಬೆಚ್ಚನೆ ವಾಸನೆ ಮುಖಕ್ಕೆ ಬಡಿಯಿತು. ನನ್ನ ಕೈ ತಾನಾಗಿ ಅಂಗಿಯ ಮೇಲಿನ ಗುಂಡಿಗೆ ಹೋಯಿತು. ಮೊದಲ ಗುಂಡಿ ಬಿಚ್ಚಿಯೂ ಆಗಿತ್ತು, ಆಮೇಲೆ ನನಗೇ ನಗು ಬಂದು ಹಾಕಿಕೊಂಡೆ.

ಎರಡು ಸಾವಿರದ ಆರನೆಯ ಇಸವಿಯ ಆರಂಭದಲ್ಲಿ ಆ ಕೋಣೆಯಲ್ಲಿ ನಾನು ಐವತ್ತು ಚಿಲ್ಲರೆ ದಿನ ಅಂಗಿಯಿಲ್ಲದೆ ಕೂತಿದ್ದೆ. ಊರವರು ಅದಕ್ಕೊಂದು ಹೆಸರಿಟ್ಟಿದ್ದರು. ಮಗಳ ಬಾಣಂತನಕ್ಕೆ ಕರೆದರೆ ಅಳಿಯನೇ ಬಾಣಂತನಕ್ಕೆ ಬಂದು ಕೂತ, ಎಂದು ಕಟ್ಟೆಯ ಮೇಲೆ ಕೂತವರು ನನಗೆ ಕೇಳುವ ಹಾಗೆಯೇ ಅನ್ನುತ್ತಿದ್ದರು.

ನಾನು ಆಗ ಬ್ಯಾಡಗಿಯಲ್ಲಿ ಒಬ್ಬ ಸಾಹುಕಾರರ ದಲಾಲಿ ಅಂಗಡಿಯಲ್ಲಿ ಮಾಲು ನೋಡುವ ಕೆಲಸದಲ್ಲಿದ್ದೆ. ರೈತರು ತಂದ ಮೆಣಸಿನಕಾಯಿ ಚೀಲಕ್ಕೆ ಮೊಳಕೈವರೆಗೆ ಕೈ ಹಾಕಿ, ಅಡಿಯಿಂದ ಹಿಡಿ ತೆಗೆದು, ಬಣ್ಣ ನೋಡಿ, ಮುರಿದು, ಮೂಸಿ, ಇದು ಯಾವ ದರ್ಜೆಯದು, ಎಷ್ಟು ತೇವ ಹಿಡಿದಿದೆ ಎಂದು ಹೇಳುವುದು ನನ್ನ ಕಸುಬು. ಸಂಕ್ರಾಂತಿಯಿಂದ ಯುಗಾದಿಯವರೆಗೆ ಪೇಟೆಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಹೊರಗಿನಿಂದ ಬಂದವರು ಸೀನಿ ಸೀನಿ ಕಣ್ಣೊರೆಸಿಕೊಳ್ಳುತ್ತಿದ್ದರೆ ನಾವು ಚಹಾ ಕುಡಿಯುತ್ತ ಅವರನ್ನು ನೋಡಿ ನಗುತ್ತಿದ್ದೆವು. ನಮ್ಮ ಡಬ್ಬಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂಬ ಮಾತನ್ನು ನಾನು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದೆ. ಆ ಮಾತು ನನಗೆ ಏನು ಮಾಡಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಹೆಂಡತಿ ಗಿರಿಜಾ ಸೀಮಂತದ ಕುಬಸ ಮಾಡಿಸಿಕೊಂಡು ತವರಿಗೆ ಹೋಗಿ ಇನ್ನೂ ಇಪ್ಪತ್ತು ದಿನ ಆಗಿರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಗೆ ಫೋನು ಬಂತು. ರಾಣೆಬೆನ್ನೂರಿನ ಆಸ್ಪತ್ರೆಗೆ ಓಡಿ ಹೋಗುವ ಹೊತ್ತಿಗೆ ಹೊಟ್ಟೆ ಕೊಯ್ದು ಅವಳಿ ಮಕ್ಕಳನ್ನು ತೆಗೆದಾಗಿತ್ತು. ಗಂಡೊಂದು, ಹೆಣ್ಣೊಂದು. ಹುಡುಗ ಎರಡು ಕಿಲೋಗೆ ಸ್ವಲ್ಪ ಕಡಿಮೆ, ಹುಡುಗಿ ಒಂದೂವರೆಗೂ ಕಡಿಮೆ. ಎಂಟನೆಯ ತಿಂಗಳಲ್ಲಿ ಹುಟ್ಟಿದ ಕೂಸು ಉಳಿಯುವುದಿಲ್ಲ, ಏಳರದ್ದಾದರೆ ಉಳಿಯುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ನಮ್ಮತ್ತೆ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಬೆರಳು ಮಡಚಿ ಮಡಚಿ ಎಣಿಸಿ, ಅಮಾವಾಸ್ಯೆ ಹುಣ್ಣಿಮೆಗಳನ್ನೆಲ್ಲ ಹಿಂದೆ ಮುಂದೆ ಮಾಡಿ, ಕೊನೆಗೆ ಏಳೇ ತಿಂಗಳು ಎಂದು ಸಾಧಿಸಿಬಿಟ್ಟರು.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆವು. ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ಅಲ್ಲಿದ್ದದ್ದು ಎರಡೇ, ಸರದಿಯಲ್ಲಿ ಬೇರೆ ಕೂಸುಗಳೂ ಇದ್ದವು. ಮನೆಗೆ ಕಳಿಸುವ ದಿನ ಅಲ್ಲಿನ ಹಿರಿಯ ಸಿಸ್ಟರು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಉಸಿರಾಟ ಚಲೋ ಐತಿ, ಹಾಲು ನುಂಗತಾವು. ಇನ್ನ ಬೇಕಾದ್ದು ಶಾಖ. ಕಂಬಳಿ ಸುತ್ತಿದ್ರ ಆಗಂಗಿಲ್ಲ, ಅವಕ್ಕ ತಮ್ಮದಂತ ಶಾಖಽ ಇಲ್ಲ. ಬರೇ ಮೈಯಿಗೆ ಬರೇ ಮೈ ಹತ್ತಬೇಕು, ಹಗಲೂ ರಾತ್ರಿ. ತಾಯಿ ಒಬ್ಬಾಕಿ, ಕೂಸು ಎರಡು. ಇನ್ನೊಂದು ಎದಿ ಯಾರದು?"

ಅತ್ತೆಗೆ ದಮ್ಮಿನ ಕೆಮ್ಮು. ಮಾವನಿಗೆ ಬೀಡಿ. ಸಿಸ್ಟರು ಇಬ್ಬರನ್ನೂ ಮಾತಲ್ಲೇ ತಳ್ಳಿಹಾಕಿ ನನ್ನ ಕಡೆ ತಿರುಗಿದರು. ಅಳಿಯ ಅತ್ತೆಮನೆಯಲ್ಲಿ ಹಾಗೆಲ್ಲ ಇರುವ ಪದ್ಧತಿ ಇಲ್ಲ, ತೊಟ್ಟಿಲಿಗೆ ಹಾಕುವ ದಿನ ಬರುತ್ತಾರೆ ಎಂದು ಮಾವ ತಡವರಿಸಿದರು.

"ಯಾಕ, ಇವರ ಎದಿಗೆ ಏನಾಗೇತಿ?" ಎಂದರು ಸಿಸ್ಟರು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದು ಮೂಸಿದಂತೆ ಮಾಡಿ, "ಬ್ಯಾಡಗಿ ಪ್ಯಾಟ್ಯಾಗ ಕೆಲಸ ಅಲ್ಲೇನ್ರಿ? ಇದು ಮುಗಿಯೋಮಟ ಆ ಕಡೆ ಕಾಲ ಇಡಬ್ಯಾಡ್ರಿ," ಎಂದರು.

ಹೀಗೆ ನಾನು ಆ ಕೋಣೆ ಸೇರಿದೆ. ಬಾಣಂತಿ ಕೋಣೆ ಎಂದರೆ ಗಾಳಿ ಹೋಗದಂತೆ ಕಿಟಕಿಗೆ ಗೋಣಿಚೀಲ ಬಡಿದ, ಹೊರಗಿನವರ ಕಣ್ಣು ಬೀಳದಂತೆ ಬಾಗಿಲಿಗೆ ಹಳೆ ಸೀರೆ ಕಟ್ಟಿದ ಜಾಗ. ಸಿಸ್ಟರು ಹೊಗೆ ಬೇಡ ಎಂದಿದ್ದರಿಂದ ಕೆಂಡದ ಬುಟ್ಟಿಯೊಂದು ಹೊರಗೆ ಹೋಗಿತ್ತು, ಉಳಿದದ್ದೆಲ್ಲ ಹಾಗೇ ಇತ್ತು. ಒಂದು ಹೊರಸಿನ ಮೇಲೆ ಗಿರಿಜಾ ಮಗನನ್ನು ಕಟ್ಟಿಕೊಂಡು, ಎದುರು ಗೋಡೆಗೆ ದಿಂಬು ಒರಗಿಸಿಕೊಂಡು ನಾನು ಮಗಳನ್ನು ಕಟ್ಟಿಕೊಂಡು ಕೂರಬೇಕು. ಪೂರ್ತಿ ಮಲಗುವಂತಿಲ್ಲ, ನೆಟ್ಟಗೆ ಕೂರುವಂತಿಲ್ಲ. ಟೊಪ್ಪಿಗೆ ಮತ್ತು ಲಂಗೋಟಿ ಬಿಟ್ಟರೆ ಅವಳ ಮೈಮೇಲೆ ಏನೂ ಇಲ್ಲ. ಕಪ್ಪೆಯಂತೆ ಕಾಲು ಮಡಚಿ, ಒಂದು ಕೆನ್ನೆ ನನ್ನ ಎದೆಗೆ ಒತ್ತಿ, ಮಾವನ ಹಳೆ ಧೋತರದಿಂದ ಬಿಗಿದ ಗಂಟಿನೊಳಗೆ ಇರುತ್ತಿದ್ದಳು. ಮೇಲೆ ಕಂಬಳಿ. ಎಷ್ಟು ಹಗುರ ಇದ್ದಳೆಂದರೆ, ಕಣ್ಣು ಮುಚ್ಚಿದರೆ ಇದ್ದಾಳೋ ಇಲ್ಲವೋ ಎಂದು ಗಾಬರಿಯಾಗಿ ಕಂಬಳಿ ಎತ್ತಿ ನೋಡುತ್ತಿದ್ದೆ.

ಮೊದಲ ಎರಡು ದಿನ ಇದು ದೊಡ್ಡ ಕೆಲಸ ಎನ್ನಿಸಿತು. ಮೂರನೆಯ ದಿನದಿಂದ ಉಸಿರು ಕಟ್ಟಲು ಶುರುವಾಯಿತು. ಬೆನ್ನು ತುರಿಸಿದರೆ ಗೋಡೆಗೆ ಉಜ್ಜಿಕೊಳ್ಳಬೇಕು. ಬಯಲಿಗೆ ಹೋಗಬೇಕೆಂದರೆ ಗಿರಿಜಾ ಎರಡನ್ನೂ ತನ್ನ ಎದೆಗೆ ತೆಗೆದುಕೊಳ್ಳಬೇಕು, ಅವಳ ಹೊಟ್ಟೆಯ ಹೊಲಿಗೆ ಇನ್ನೂ ಮಾಯ್ದಿರಲಿಲ್ಲ. ಅದಕ್ಕೇ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ, ಚಹಾ ಬಿಟ್ಟೆ. ಅತ್ತೆ ಮಾವ ಬೆಳಗಾದರೆ ಹೊಲಕ್ಕೆ. ರಾಣೆಬೆನ್ನೂರಿನ ಬೀಜದ ಕಂಪನಿಯವರಿಗೆ ಟೊಮ್ಯಾಟೊ ಹೂವಿಗೆ ಕೈಯಿಂದ ಪರಾಗ ಹಚ್ಚುವ ಕ್ರಾಸಿಂಗ್ ಮಾಡಿಕೊಡುತ್ತಿದ್ದರು, ಹೂವು ಯಾರ ಬಾಣಂತನಕ್ಕೂ ಕಾಯುವುದಿಲ್ಲ. ಅವರು ಬರುವವರೆಗೆ ಆ ಕತ್ತಲಲ್ಲಿ ನಾವು ನಾಲ್ಕು ಜನ.

ಇದೆಲ್ಲದರ ಮೇಲೆ ಅತ್ತೆಯ ಮರ್ಯಾದೆ. ಅವರು ನನ್ನೊಂದಿಗೆ ಮಾತಾಡುವವರಲ್ಲ. ಮದುವೆಯಾಗಿ ಮೂರು ವರ್ಷವಾದರೂ ನನ್ನೆದುರು ತಲೆಯ ಮೇಲಿನ ಸೆರಗು ಸರಿದದ್ದಿಲ್ಲ, ನೇರವಾಗಿ ಒಂದು ಮಾತು ಆಡಿದ್ದಿಲ್ಲ. ಈಗ ಅಂಗಿಯಿಲ್ಲದ ಅಳಿಯ ದಿನವಿಡೀ ಮನೆಯಲ್ಲಿ. ಪಾಪ, ಅವರು ಒಂದು ದಾರಿ ಹುಡುಕಿಕೊಂಡರು. ಬಾಗಿಲ ಸೀರೆಯ ಆಚೆ ನಿಂತು, ನನ್ನ ಎದೆಯ ಮೇಲಿನ ಕೂಸಿಗೆ ಹೇಳುತ್ತಿದ್ದರು.

"ಯವ್ವಾ ತಂಗಿ, ನಿಮ್ಮಪ್ಪಗ ಹೇಳು, ಉಪ್ಪಿಟ್ಟು ಆಗೇತಿ ಅಂತ."

ನಾನೂ ಕೂಸಿಗೇ ಹೇಳುತ್ತಿದ್ದೆ. "ನಿಮ್ಮಾಯಿಗೆ ಹೇಳವಾ, ಇನ್ನೊಂದು ತಾಸು ಬಿಟ್ಟು ತಿಂತೀನಂತ."

ಒಂದೂವರೆ ಕಿಲೋದ ಆ ಜೀವ ಹುಟ್ಟಿದ ತಿಂಗಳಲ್ಲೇ ಎಷ್ಟು ಸುದ್ದಿ ಮುಟ್ಟಿಸಿತೋ ಲೆಕ್ಕವಿಲ್ಲ. ಗಿರಿಜಾಗೆ ನಗು ಬಂದರೆ ಹೊಲಿಗೆ ನೋಯುತ್ತಿತ್ತು, ನಗಿಸಬೇಡಿ ಎಂದು ಬೈಯುತ್ತಿದ್ದಳು.

ನಗುವ ಹೊತ್ತು ಕಡಿಮೆ, ಬೇಸರದ ಹೊತ್ತೇ ಹೆಚ್ಚು. ಖರೇ ಹೇಳುತ್ತೇನೆ, ಒಮ್ಮೊಮ್ಮೆ ಆ ಧೋತರದ ಗಂಟು ನನ್ನ ಕೊರಳಿಗೇ ಬಿದ್ದಂತೆ ಅನ್ನಿಸುತ್ತಿತ್ತು. ನನ್ನ ಮಗಳ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ಹೆದರಿಕೆಯಾಗಿ ಅವಳ ತಲೆ ಮೂಸುತ್ತಿದ್ದೆ. ಅವಳು ನನ್ನ ಎದೆಗೂದಲು ಹಿಡಿದು ಜಗ್ಗಿ ಮತ್ತೆ ನಿದ್ದೆ ಹೋಗುತ್ತಿದ್ದಳು.

ಕೋಣೆ ಸೇರಿದ ಇಪ್ಪತ್ತನೆಯ ದಿನದ ಹೊತ್ತಿಗೆ ಸಾಹುಕಾರರ ಫೋನು ಬಂತು. "ಮಂಜಪ್ಪಾ, ಹಡದಾಕಿ ನಿನ್ನ ಹೆಂಡ್ತಿನೋ ನೀನೋ? ಗುರುವಾರ ಮುಂಬೈ ಪಾರ್ಟಿ ಬರಾಕತ್ತೇತಿ, ಡಬ್ಬಿ ಮಾಲು ಆರಿಸಬೇಕು. ಬಂದ್ರ ಬಾ, ಇಲ್ಲಾಂದ್ರ ಬ್ಯಾರೆ ಕೈ ನೋಡ್ಕೋತೀನಿ."

ಕೆಲಸ ಹೋಗುತ್ತದೆಂಬ ಭಯದಿಂದ ಹೋದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಅದು ಅರ್ಧ ಸುಳ್ಳು. ಆ ಕೋಣೆಯಿಂದ ಹೊರಗೆ ಬರಲು ನನಗೆ ಒಂದು ನೆವ ಬೇಕಿತ್ತು. ಮಕ್ಕಳಿಗೆ ಹಾಕುವ ವಿಟಮಿನ್ ಹನಿ ರಾಣೆಬೆನ್ನೂರಿನಲ್ಲೇ ಸಿಗುವುದು, ತರುತ್ತೇನೆ ಎಂದು ಗಿರಿಜಾಗೆ ಹೇಳಿದೆ. ಅವಳು ಎರಡನ್ನೂ ಕಟ್ಟಿಕೊಂಡು, "ಲಗೂನ ಬರ್ರಿ, ಹೊಟ್ಟಿ ಜಗ್ಗತೈತಿ," ಎಂದಳು.

ಬಸ್ಸಿನ ಕಿಟಕಿಯ ಗಾಳಿ ಮುಖಕ್ಕೆ ಬಡಿದಾಗ ನನಗೆ ಅಳು ಬರುವಷ್ಟು ಖುಷಿಯಾಯಿತು. ರಾಣೆಬೆನ್ನೂರಿನಲ್ಲಿ ಹನಿ ಕೊಂಡು, ಬಸ್ಸು ಬದಲಿಸಿ ಬ್ಯಾಡಗಿಗೆ ಹೋದೆ. ಅಂಗಡಿಯ ಮುಂದೆ ಕೆಂಪು ರಾಶಿ, ಹಮಾಲರ ಕೂಗು, ಎಲ್ಲರೂ ಬೆನ್ನು ತಟ್ಟುವವರೇ. ಎರಡು ತಾಸು ಚೀಲದಿಂದ ಚೀಲಕ್ಕೆ ಕೈ ಹಾಕುತ್ತ ನಡೆದಾಡಿದೆ. ಸಿಸ್ಟರು ಹೇಳಿದ ಮಾತು ನೆನಪಿರಲಿಲ್ಲವೆಂದಲ್ಲ. ಬೆಂಕಿಯಂಥ ಖಾರದ ಗುಂಟೂರು ತಳಿಯ ಮಾಲು ಮುಟ್ಟಿದ್ದರೆ ನಾನೇ ಹೆದರುತ್ತಿದ್ದೆ. ಇದು ಡಬ್ಬಿ, ಇದಕ್ಕೆ ಖಾರವೇ ಇಲ್ಲ ಎಂದುಕೊಂಡೆ. ಆಮೇಲೆ ನನ್ನ ಬಾಡಿಗೆ ಕೋಣೆಗೆ ಹೋಗಿ ಎರಡು ಸಲ ಸಾಬೂನು ಹಚ್ಚಿ ಬಿಸಿನೀರು ಸುರಿದುಕೊಂಡೆ, ಒಗೆದ ಅಂಗಿ ಹಾಕಿಕೊಂಡೆ. ಅಷ್ಟಕ್ಕೂ ಬಿಡದೆ ಮುಂಗೈ ನೆಕ್ಕಿ ಪರೀಕ್ಷೆ ಮಾಡಿದೆ. ನಾಲಿಗೆಗೆ ಏನೂ ಹತ್ತಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಕುಪ್ಪೇಲೂರು ಮುಟ್ಟಿದೆ. ಗಿರಿಜಾ ಬಸವಳಿದಿದ್ದಳು. ಅಂಗಿ ತೆಗೆದು ಮಗಳನ್ನು ತೆಗೆದುಕೊಂಡು ಧೋತರ ಬಿಗಿದೆ, ಕಂಬಳಿ ಹೊದ್ದೆ. ಕಾಲು ತಾಸು ಕಳೆದಿರಬಹುದು, ನನ್ನ ಮೈ ಬೆವರತೊಡಗಿತು. ಮಗಳು ಮೊದಲು ಮುಖ ಆಕಡೆ ಈಕಡೆ ಹೊರಳಿಸಿದಳು. ಆಮೇಲೆ ಚೀರಿದಳು. ಅವಳ ದನಿ ಅಷ್ಟು ದೊಡ್ಡದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗಾಬರಿಯಲ್ಲಿ ಅವಳ ಮುಖವನ್ನು ಇನ್ನೂ ಒತ್ತಿ ಹಿಡಿದು, ಅದೇ ಬೆರಳಿನಿಂದ ಅವಳ ತುಟಿ ಒರೆಸಿದೆ. ಗಂಟು ಬಿಚ್ಚಿ ಎತ್ತಿದಾಗ ಕೆನ್ನೆ, ಹೊಟ್ಟೆ, ತೊಡೆ, ನನಗೆ ಅಂಟಿಕೊಂಡಿದ್ದ ಕಡೆಯೆಲ್ಲ ಕೆಂಪಗೆ ಬಾತಿತ್ತು. ಚೀರಿ ಚೀರಿ ಉಸಿರು ಸಿಕ್ಕಿಕೊಂಡು ಒಮ್ಮೆಲೇ ಸುಮ್ಮನಾದಳು. ತುಟಿ ನೀಲಿಯಾಯಿತು.

"ಏನಾತ್ರಿ? ಏನ್ ಮಾಡಿದ್ರಿ ನೀವು?" ಎಂದು ಗಿರಿಜಾ ಏಳಲು ಹೋಗಿ ಹೊಟ್ಟೆ ಹಿಡಿದುಕೊಂಡು ಕುಸಿದಳು.

ಆಗಷ್ಟೇ ಹೊಲದಿಂದ ಬಂದಿದ್ದ ಅತ್ತೆ ಸೀರೆ ಸರಿಸಿ ಒಳಗೆ ಬಂದರು. ಕೂಸಿನ ಬೆನ್ನು ತಿಕ್ಕಿ ಅಂಗಾಲು ತಟ್ಟಿದರು. ಉಸಿರು ಎಳೆದುಕೊಂಡಿತು, ಮತ್ತೆ ಅಳು ಬಂತು. ಅವರು ಕೂಸಿನ ಕೆನ್ನೆ ಮೂಸಿದರು, ನನ್ನ ಭುಜ ಮೂಸಿದರು. ತಲೆಯ ಮೇಲಿನ ಸೆರಗು ಎಲ್ಲಿತ್ತೋ. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರು.

"ಪ್ಯಾಟಿಗೆ ಹೋಗಿದ್ರೇನು?"

"ಹೂಂ ರಿ."

"ಮೆಣಸಿನಕಾಯಿ ಮುಟ್ಟಿದ್ರಿ?"

"ಬರೇ ಡಬ್ಬಿ ರೀ. ಎರಡ ಸಲ ಜಳಕ ಮಾಡೇನಿ."

ಅವರು ಬೈಯಲಿಲ್ಲ. ನೆಲುವಿನಿಂದ ಬೆಣ್ಣೆಯ ಗಡಿಗೆ ತಂದು ಮೆತ್ತನೆ ಅರಿವೆಯಲ್ಲಿ ಕೂಸಿನ ಮೈಯೆಲ್ಲ ಹಚ್ಚಿ ಒರೆಸಿದರು, ಮತ್ತೆ ಹಚ್ಚಿ ಒರೆಸಿದರು. ಸೆರಗನ್ನು ಬಾಯಿ ಮೂಗಿಗೆ ಬಿಗಿಯಾಗಿ ಸುತ್ತಿಕೊಂಡು, ಕುಪ್ಪಸ ಬಿಚ್ಚಿ ಕೂಸನ್ನು ತಮ್ಮ ಎದೆಗೆ ಸೇರಿಸಿದರು. "ಗಾಡಿ ನೋಡ್ರಿ," ಎಂದಷ್ಟೇ ಹೇಳಿದರು. ಬೀಜದ ಕಂಪನಿಯ ಟೆಂಪೋ ಊರಲ್ಲಿ ನಿಂತಿತ್ತು, ಅದರಲ್ಲೇ ರಾಣೆಬೆನ್ನೂರಿಗೆ ಹೋದೆವು. ದಾರಿಯುದ್ದಕ್ಕೂ ಅತ್ತೆ ಕೆಮ್ಮು ಬಂದಾಗಲೆಲ್ಲ ಮುಖ ಕಿಟಕಿಯ ಹೊರಗೆ ಚಾಚಿ ಕೆಮ್ಮಿ ಬರುತ್ತಿದ್ದರು. ನಾನು ಪಕ್ಕದಲ್ಲಿ ಎರಡೂ ಕೈ ಮೇಲಕ್ಕೆ ಹಿಡಿದು, ಏನನ್ನೂ ಮುಟ್ಟದೆ ಕೂತಿದ್ದೆ.

ಸಿಸ್ಟರು ಕೂಸನ್ನು ತೊಳೆದು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೂಗಿಗೆ ಆಮ್ಲಜನಕ ಹಿಡಿದು, ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದರು.

"ಖಾರ ಹೋಗೇತಿ ಅಂತ ನಿಮಗ ಯಾರು ಹೇಳಿದ್ರು?"

"ನೆಕ್ಕಿ ನೋಡಿದ್ದೆ ರೀ."

"ಯಾರ ನಾಲಿಗೀಲೆ?"

ಹಲ್ಲು ಬಂದಾಗಿನಿಂದ ಮೆಣಸಿನಕಾಯಿ ತಿಂದ ನಾಲಿಗೆ, ಹತ್ತು ವರ್ಷ ಮೆಣಸಿನಕಾಯಿ ರಾಶಿಯಲ್ಲಿ ಸತ್ತುಹೋದ ಚರ್ಮ. ಅವನ್ನು ನಂಬಿ ಹುಟ್ಟಿ ತಿಂಗಳಾಗಿದ್ದ ಮೈಯನ್ನು ಸುಟ್ಟಿದ್ದೆ. ಗೋಡೆಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಯಾರು ನೋಡಿದರೂ ನನಗೆ ನಾಚಿಕೆಯಾಗಲಿಲ್ಲ.

ಎರಡು ದಿನಕ್ಕೆ ಮನೆಗೆ ಕಳಿಸಿದರು. ತೂಕ ಇಳಿದಿತ್ತು. ಹಾಲು ಕುಡಿಯುವಾಗ ಮುಖ ತಿರುಗಿಸುತ್ತಿದ್ದಳು. ಈಗ ಅತ್ತೆ ನನ್ನೊಂದಿಗೆ ನೇರ ಮಾತಾಡತೊಡಗಿದರು, ಗಿರಿಜಾ ನಿಲ್ಲಿಸಿದಳು. ಹೇಳಲೇಬೇಕಾದ್ದನ್ನು ಮಗನ ಟೊಪ್ಪಿಗೆ ಸರಿಮಾಡುತ್ತ ಅವನಿಗೆ ಹೇಳುತ್ತಿದ್ದಳು. ಅವಳು ಮಗನನ್ನೂ ಮಗಳನ್ನೂ ಕಟ್ಟಿಕೊಂಡು ಗೋಡೆಗೆ ಒರಗಿ, ನೋವಿಗೆ ತುಟಿ ಕಚ್ಚಿಕೊಂಡಿರುವುದನ್ನು ನೋಡುತ್ತ ನಾನು ಬಾಗಿಲ ಹತ್ತಿರ ಕೂತಿರುತ್ತಿದ್ದೆ. ಹೊರಗೆ ಹೋಗಬಹುದಿತ್ತು. ಕಾಲು ಏಳುತ್ತಿರಲಿಲ್ಲ.

ದಿನಕ್ಕೆ ಮೂರು ಸಲ ಮಾವ ನನಗೆ ಕೊಬ್ಬರಿ ಎಣ್ಣೆ ತಿಕ್ಕಿ, ಕಡ್ಲಿಹಿಟ್ಟು ಹಚ್ಚಿ, ಎಮ್ಮೆ ಮೈ ತೊಳೆದಂತೆ ತೊಳೆಯುತ್ತಿದ್ದರು. ಉಗುರುಗಳನ್ನು ಬುಡದವರೆಗೆ ಕತ್ತರಿಸಿದರು. ಆದರೆ ಖಾರ ಹೋಗಿದೆ ಎಂದು ಹೇಳುವವರು ಯಾರು? ಮಾವನ ನಾಲಿಗೆಯೂ ನನ್ನದರಂಥದ್ದೇ. ಅತ್ತೆಯೇ ದಾರಿ ಹೇಳಿದರು.

"ಈ ಮನ್ಯಾಗ ತಿಂಗಳಿಂದ ಖಾರ ತಿನ್ನದಾಕಿ ಒಬ್ಬಾಕಿನಽ ಅದಾಳ," ಎಂದು ಹೇಳಿ, ಸೀರೆ ಇಳಿಬಿಟ್ಟು ಹೊರಗೆ ಹೋದರು.

ಬಾಣಂತಿಯ ಪಥ್ಯ ಎಂದರೆ ಬೆಳ್ಳುಳ್ಳಿ, ತುಪ್ಪ, ಜೀರಿಗೆ ಸಾರು. ಒಂದು ಚೂರು ಮೆಣಸಿನಕಾಯಿ ಇಲ್ಲ. ನಾನು ಅಂಗಿ ತೆಗೆದು ಗಿರಿಜಾಳ ಮುಂದೆ ಮೊಣಕಾಲೂರಿ ಕೂತೆ. ಅವಳು ನನ್ನ ಮುಖ ನೋಡಲಿಲ್ಲ. ಬಗ್ಗಿ ನನ್ನ ಎದೆಯ ನಡುವೆ ನಾಲಿಗೆಯ ತುದಿ ಇಟ್ಟಳು. ಒಂದಿಷ್ಟು ಹೊತ್ತು ಕಾದಳು.

"ನಿಮ್ಮಪ್ಪಗ ಹೇಳೋ, ಇನ್ನೂ ಐತಿ," ಎಂದಳು ಮಗನಿಗೆ.

ಮರುದಿನವೂ ಇತ್ತು. ಅದರ ಮರುದಿನ ಎದೆಯಲ್ಲಿ ಇರಲಿಲ್ಲ, ಮೊಳಕೈಯಲ್ಲಿತ್ತು. ಕೋರ್ಟಿನಲ್ಲಿ ನಿಂತವನಿಗೂ ಅಷ್ಟು ಹೆದರಿಕೆ ಇರುವುದಿಲ್ಲ. ಮಗಳ ತೂಕ ಮತ್ತೆ ಇಳಿದರೆ ಆಸ್ಪತ್ರೆಗೇ ಹಿಂತಿರುಗಬೇಕೆಂದು ಸಿಸ್ಟರು ಹೇಳಿದ್ದರು, ಗಿರಿಜಾಗೆ ಒಂದೇ ಎದೆಯಲ್ಲಿ ಎರಡನ್ನೂ ಸಾಕಲು ಆಗುತ್ತಿರಲಿಲ್ಲ. ನಾಲ್ಕನೆಯ ದಿನ ಅವಳು ಎದೆ, ಭುಜ, ಅಂಗೈ, ಒಂದೊಂದೇ ಬೆರಳು, ಎಲ್ಲ ನೋಡಿದಳು.

"ಉಪ್ಪು ಅಷ್ಟ ಐತಿ."

ನನಗೇ ಹೇಳಿದಳು. ಮಗಳನ್ನು ಬಿಚ್ಚಿ ನನ್ನ ಎದೆಯ ಮೇಲೆ ಇಟ್ಟಳು. ಮಗಳು ಕೆನ್ನೆ ಹೊರಳಿಸಿದಳು, ಮೂಗು ಉಜ್ಜಿದಳು, ಅಳುತ್ತಾಳೆಂದು ನಾವಿಬ್ಬರೂ ಕಾದೆವು. ಅವಳು ನಿದ್ದೆ ಹೋದಳು.

ಸಾಹುಕಾರರು ಬೇರೆ ಕೈ ನೋಡಿಕೊಂಡರು. ಯುಗಾದಿಯ ಮೇಲೆ ರಾಣೆಬೆನ್ನೂರಿನಲ್ಲಿ ಬೀಜ ಒಣಗಿಸುವ ಕಡೆ ನನಗೆ ಕೆಲಸ ಸಿಕ್ಕಿತು, ಅದು ಬೇರೆ ಮಾತು. ಅಲ್ಲಿಯವರೆಗೆ ಆ ಕೋಣೆಯೇ ನನ್ನ ಊರು. ಬಿಸಿಲು ಏರಿತು, ಮಾಡಿನ ಹಂಚು ಕಾದು ಮಧ್ಯಾಹ್ನ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮೊದಲು ಬಾಗಿಲ ಸೀರೆಯನ್ನೇ ನೋಡುತ್ತ ಕೂರುತ್ತಿದ್ದವನು ಈಗ ಅವಳ ಉಸಿರು ಎಣಿಸುತ್ತ ಕೂರುತ್ತಿದ್ದೆ. ಅದೂ ಒಂದು ಬಂಧನವೇ. ಬಯಲಿಗೆ ಹೋದರೂ ಓಡಿ ಬರುತ್ತಿದ್ದೆ. ವಾರಕ್ಕೊಮ್ಮೆ ತೂಕಕ್ಕೆ ಹೋದಾಗ ಮುಳ್ಳು ಸ್ವಲ್ಪ ಸ್ವಲ್ಪವೇ ಮೇಲೇರಿತು. ಎರಡು ಕಿಲೋ ದಾಟಿದ ದಿನ, ಇನ್ನೆಷ್ಟು ದಿನ ಕಟ್ಟಬೇಕೆಂದು ಸಿಸ್ಟರನ್ನು ಕೇಳಿದೆ.

"ಅದನ್ನ ನೀವು ಹೇಳೂದಲ್ಲ, ನಾ ಹೇಳೂದೂ ಅಲ್ಲ. ಸಾಕಾದ ದಿನ ಅದಽ ಹೇಳತೈತಿ," ಎಂದರು.

ಆ ದಿನ ಎರಡು ವಾರದ ನಂತರ, ಒಂದು ಬೆಳಿಗ್ಗೆ ಬಂತು. ಎಂದಿನಂತೆ ಧೋತರ ಬಿಗಿದೆ. ಮಗಳು ಎರಡೂ ಅಂಗಾಲನ್ನು ನನ್ನ ಹೊಟ್ಟೆಗೆ ಊರಿ ಒದ್ದಳು. ಬೆನ್ನು ಸೆಟೆಸಿ ಅಳುತ್ತ ಒಂದು ಕೈಯನ್ನು ಗಂಟಿನ ಹೊರಗೆ ತೂರಿಸಿದಳು. ಖಾರವೇನಾದರೂ ಉಳಿದಿದೆಯೋ ಎಂದು ಗಂಟಿಗೆ ಕೈ ಹಾಕಿದೆ. ಬಿಚ್ಚಿ ಚಾಪೆಯ ಮೇಲೆ ಮಲಗಿಸಿದರೆ ಅಳು ನಿಂತಿತು. ಕೈಕಾಲು ಆಡಿಸುತ್ತ ಮಾಡು ನೋಡತೊಡಗಿದಳು. ಮೈ ಮುಟ್ಟಿದೆ, ಬೆಚ್ಚಗಿತ್ತು. ಕಾದೆ, ಮತ್ತೆ ಮುಟ್ಟಿದೆ, ಆಗಲೂ ಬೆಚ್ಚಗೇ ಇತ್ತು. ಮೂರು ಸಲ ಎತ್ತಿ ಕಟ್ಟಿದೆ, ಮೂರು ಸಲವೂ ಒದ್ದು ಹೊರಬಂದಳು.

"ಬಿಡ್ರಿ, ಅಕಿಗೆ ಸೆಕಿ ಆಗತೈತಿ," ಎಂದಳು ಗಿರಿಜಾ.

ನಾನು ಎದ್ದು ನಿಂತೆ. ಬಾಗಿಲು ತೆರೆದಿತ್ತು, ಅಂಗಿ ಗೂಟಕ್ಕಿತ್ತು, ಯಾರೂ ತಡೆಯುವವರಿರಲಿಲ್ಲ. ಎದೆಯ ಮೇಲೆ ಅವಳು ಇದ್ದಷ್ಟು ಜಾಗ ಬೆವರು ಆರಿ ತಣ್ಣಗಾಗುತ್ತಿತ್ತು, ಆ ತಂಪು ನನಗೆ ತಡೆಯಲಾಗಲಿಲ್ಲ. ಗಿರಿಜಾಳ ಎದೆಯ ಮೇಲೆ ಮಗ ಇನ್ನೂ ಕಟ್ಟಿನೊಳಗಿದ್ದ. ಅವನು ನಾಲ್ಕು ದಿನದಿಂದ ಒದೆಯುತ್ತಿರುವುದನ್ನೂ, ಅವಳು ಯಾರಿಗೂ ಹೇಳದೆ ಗಂಟು ಬಿಗಿ ಮಾಡುತ್ತಿರುವುದನ್ನೂ ನಾನು ನೋಡಿದ್ದೆ.

"ಹಂಗಾರ ಅವನ್ನರ ಒಂದೀಟು ಕೊಡು," ಎಂದೆ.

ಗಿರಿಜಾ ಕೊಡಲಿಲ್ಲ.